ತುರ್ಕುವಿನಲ್ಲಿ ಕಿವಿಯ ಎಳೆಗಳು

ದೋಹಾ

ವಿಮಾನ ನಿಲ್ದಾಣದ ಧ್ವನಿವರ್ಧಕದಲ್ಲಿ ಏನೋ ಹೇಳಿದರು. ನನ್ನ ಸುತ್ತ ಕೂತವರೆಲ್ಲ ಒಮ್ಮೆಲೇ ಎದ್ದು, ಚೀಲ ಹೆಗಲಿಗೇರಿಸಿ ಹೊರಟರು. ನಾನೂ ಎದ್ದು ಅವರ ಹಿಂದೆ ನಡೆದೆ. ಅವರೆಲ್ಲ ಮ್ಯಾಂಚೆಸ್ಟರಿಗೆ ಹೋಗುವವರು ಎಂಬುದು ಬಾಗಿಲಿನ ಸಾಲಿನಲ್ಲಿ ನಿಂತ ಮೇಲೆ ತಿಳಿಯಿತು. ನನಗೆ ಬೇಕಾದದ್ದು ಹೆಲ್ಸಿಂಕಿ. ಬಂದ ದಾರಿಯಲ್ಲಿ ಓಡಿದೆ. ಕಿವಿ ಸರಿಯಾಗಿ ಕೇಳದವರು ಒಬ್ಬರೇ ಪ್ರವಾಸ ಮಾಡಿದರೆ ಇಂಥ ವ್ಯಾಯಾಮ ಆಗಾಗ ಆಗುತ್ತದೆ.

ಎರಡೂ ಕಿವಿಗೆ ಮಷೀನು ಹಾಕಿಕೊಳ್ಳುತ್ತೇನೆ. ಎದುರು ಕೂತವರ ಮಾತನ್ನು ಮಷೀನಿನಿಂದ ಅರ್ಧ, ತುಟಿ ನೋಡಿ ಅರ್ಧ ತಿಳಿಯುತ್ತೇನೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರ ತುಟಿಯೂ ನನಗೆ ಗೊತ್ತು. ಗೋಡೆಯೊಳಗಿಂದ ಬರುವ ದನಿಗೆ ಮಾತ್ರ ತುಟಿ ಇರುವುದಿಲ್ಲ.

ಪುಣೆಯ ಒಂದು ಪ್ರಯೋಗಾಲಯದಲ್ಲಿ ಪ್ರೋಟೀನುಗಳನ್ನು ಅಭ್ಯಾಸ ಮಾಡುವುದು ನನ್ನ ಕೆಲಸ. ನಮ್ಮ ಮೈಯ ಜೀವಕೋಶಗಳೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಸಣ್ಣ ಎಳೆಗಳಿವೆ. ಕೋಶಕ್ಕೆ ಆಕಾರ ಕೊಡುವುದೂ ಅದನ್ನು ಚಲಿಸುವಂತೆ ಮಾಡುವುದೂ ಬಹುಮಟ್ಟಿಗೆ ಅವೇ. ಆದರೆ ಆ ಎಳೆಗಳು ಹೇಗಿರಬೇಕೆಂದು ತೀರ್ಮಾನಿಸುವುದು ಅವುಗಳಿಗೆ ಅಂಟಿಕೊಳ್ಳುವ ಬೇರೆ ಪ್ರೋಟೀನುಗಳು. ಒಂದು ಪ್ರೋಟೀನು ಎಳೆಯ ತುದಿಗೆ ಮುಚ್ಚಳ ಹಾಕಿ ಬೆಳೆಯದಂತೆ ತಡೆಯುತ್ತದೆ, ಇನ್ನೊಂದು ನಡುವೆ ಕತ್ತರಿಸುತ್ತದೆ, ಮತ್ತೊಂದು ಹತ್ತಾರು ಎಳೆಗಳನ್ನು ಸೇರಿಸಿ ಕಟ್ಟುತ್ತದೆ. ಒಳಕಿವಿಯ ಕೋಶಗಳ ಮೇಲೆ ಕೂದಲಿನಂಥ ಸಾಲುಗಳಿರುತ್ತವೆ. ಸದ್ದಿಗೆ ಅವು ಬಾಗಿದರೆ ನಮಗೆ ಕೇಳಿಸುತ್ತದೆ. ಒಂದೊಂದು ಕೂದಲಿನ ಒಳಗೂ ಆಕ್ಟಿನ್ ಎಳೆಗಳ ಬಿಗಿಯಾದ ಕಟ್ಟು ಇರುತ್ತದೆ. ಕಟ್ಟು ಸಡಿಲವಾದರೆ ಕೂದಲು ನೆಟ್ಟಗೆ ನಿಲ್ಲದು.

ವಿಮಾನಕ್ಕೆ ಕೊಟ್ಟ ಥರ್ಮಾಕೋಲ್ ಡಬ್ಬಿಯಲ್ಲಿ, ಡ್ರೈ ಐಸಿನ ನಡುವೆ, ನಾನು ಪುಣೆಯಲ್ಲಿ ತಯಾರಿಸಿದ ಎರಡು ಬಗೆಯ ಕಟ್ಟುವ ಪ್ರೋಟೀನು ಇತ್ತು. ಒಂದು ಎಲ್ಲರಲ್ಲಿ ಇರುವಂಥದು. ಇನ್ನೊಂದರಲ್ಲಿ ಒಂದೇ ಒಂದು ಕಡೆ ಬದಲಾವಣೆ. ಅದು ನನ್ನದು. ಕೆಲವು ವರ್ಷಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು ನನ್ನ ಜೀನಿನ ಎರಡೂ ಪ್ರತಿಗಳಲ್ಲಿದ್ದ ಈ ಬದಲಾವಣೆಯನ್ನು ತೋರಿಸಿ, ನನ್ನ ಕಿವುಡಿಗೆ ಇದೇ ಕಾರಣವೋ ಅಲ್ಲವೋ ಹೇಳಲು ಬಾರದು ಎಂದಿದ್ದರು. ಒಂದೊಂದೇ ಎಳೆಯನ್ನು ನೋಡುವಂಥ ಮೈಕ್ರೋಸ್ಕೋಪು ಪುಣೆಯಲ್ಲೂ ಇದೆ. ಆದರೆ ಆಕ್ಟಿನ್ ಎಳೆಗಳೊಂದಿಗೆ ಪಳಗಿದ ಕೈ ಇದ್ದದ್ದು ಫಿನ್ಲೆಂಡಿನ ತುರ್ಕು ಎಂಬ ಊರಿನಲ್ಲಿ. ಅಲ್ಲಿನ ವಿಜ್ಞಾನಿ ಮಾರ್ಯಾ ಅವರಿಗೆ ಬರೆದಾಗ, 'ಬನ್ನಿ' ಎಂದಷ್ಟೇ ಉತ್ತರ ಬಂದಿತ್ತು. ಆ ಪ್ರೋಟೀನು ಯಾರದೆಂದು ನಾನು ಅವರಿಗೆ ತಿಳಿಸಿರಲಿಲ್ಲ.

ಹೆಲ್ಸಿಂಕಿ

ಸೂಟ್‌ಕೇಸು ಬಂತು, ಡಬ್ಬಿ ಬರಲಿಲ್ಲ.

ಬೆಲ್ಟು ಸುತ್ತಿ ಸುತ್ತಿ ನಿಂತ ಮೇಲೂ ಅಲ್ಲೇ ನಿಂತಿದ್ದೆ. ಕೊನೆಗೆ ಕಳೆದ ಸಾಮಾನಿನ ಕೌಂಟರಿಗೆ ಹೋದೆ. ದಪ್ಪ ಗಾಜಿನ ಹಿಂದೆ ಒಬ್ಬ ದೊಡ್ಡ ಗಡ್ಡದ ಮನುಷ್ಯ ಕೂತಿದ್ದ. ಗಡ್ಡದವರ ತುಟಿ ಓದುವುದು ಕಷ್ಟ. ಅವನು ಮಾತಾಡಿದ, ನನಗೆ ತಿಳಿಯಲಿಲ್ಲ. ಕಿವಿಯ ಮಷೀನು ತೋರಿಸಿದೆ. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಜನ ಸಾಮಾನ್ಯವಾಗಿ ದನಿ ಏರಿಸುತ್ತಾರೆ, ಹಿಂದೆ ನಿಂತವರೂ ಸಹಾಯಕ್ಕೆ ಬಂದು ದನಿ ಸೇರಿಸುತ್ತಾರೆ. ಪುಣೆಯ ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಒಮ್ಮೆ ಧಾರವಾಡದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಾಗ ಐದಾರು ಜನ ನನ್ನ ಸುತ್ತ ನಿಂತು ಕೂಗಿದ್ದರು. ಆ ಪ್ರೀತಿಯಲ್ಲಿ ಬಸ್ಸು ಹೋಗಿಬಿಟ್ಟಿತ್ತು. ಈ ಗಡ್ಡದವನು ಏನೂ ಅನ್ನದೆ ತನ್ನ ಕಂಪ್ಯೂಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಟೈಪು ಮಾಡಿ ಪರದೆಯನ್ನು ನನ್ನ ಕಡೆ ತಿರುಗಿಸಿದ. ಡಬ್ಬಿ ಬೇರೆ ವಿಮಾನ ಹತ್ತಿದೆ, ಹುಡುಕುತ್ತೇವೆ ಎಂದಿತ್ತು. ಕೊನೆಯಲ್ಲಿ, ಒಳಗೆ ಏನಿದೆ ಎಂದು ಕೇಳಿದ್ದ. 'ಪ್ರೋಟೀನು' ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, 'ತಿನ್ನುವುದೋ?' ಎಂದು ಟೈಪು ಮಾಡಿದ. ಅಳು ಬರುವಂತಿದ್ದ ನನಗೆ ನಗು ಬಂತು.

ತುರ್ಕುವಿಗೆ ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ಕಪ್ಪು ಕಾಡು, ಮಧ್ಯಾಹ್ನಕ್ಕೇ ಇಳಿಬಿಸಿಲು. ಬಸ್ಸಿನ ತುಂಬ ಜನ, ಒಬ್ಬರೂ ಮಾತಾಡುತ್ತಿರಲಿಲ್ಲ. ಮಷೀನಿನ ಬ್ಯಾಟರಿ ಮುಗಿಯಿತೇನೋ ಎಂದು ಎರಡು ಸಲ ತೆಗೆದು ನೋಡಿದೆ.

ತುರ್ಕು

ಮಾರ್ಯಾ ಐವತ್ತು ದಾಟಿದ, ಎತ್ತರದ, ಕತ್ತರಿಸಿದ ನರೆಗೂದಲಿನ ಹೆಂಗಸು. ಮೇಡಂ ಎಂದರೆ ಮುಖ ಹಿಂಡುತ್ತಿದ್ದರು. ಅಲ್ಲಿ ಎಲ್ಲರನ್ನೂ ಬರಿ ಹೆಸರಿನಿಂದ ಕರೆಯಬೇಕು. ಮೊದಲ ದಿನಗಳಲ್ಲಿ ನಾನು ಅವರನ್ನು ಏನೂ ಎಂದು ಕರೆಯದೆ, ಎದುರು ಹೋಗಿ ನಿಂತು ಅವರು ನೋಡುವವರೆಗೆ ಕಾಯುತ್ತಿದ್ದೆ.

ಡಬ್ಬಿ ಕೆಲವು ದಿನಗಳ ಮೇಲೆ ಬಂತು. ಡ್ರೈ ಐಸು ಪೂರ್ತಿ ಆವಿಯಾಗಿ ಹೋಗಿತ್ತು. ಟ್ಯೂಬುಗಳೊಳಗೆ ಒಡೆದ ಹಾಲಿನಂಥ ಬಿಳಿ ಚೂರುಗಳು. ತಿಂಗಳುಗಟ್ಟಲೆ ಮಾಡಿದ ಕೆಲಸ. ನಾನು ಟ್ಯೂಬನ್ನು ಬೆಳಕಿಗೆ ಹಿಡಿದು ನಿಂತೇ ಇದ್ದೆ. ಮಾರ್ಯಾ ಕಾಫಿ ತಂದು ಕೈಗೆ ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಎದುರಿಗೆ ಕೂತರು. ಆಮೇಲೆ, "ಡಿಎನ್ಎ ತಂದಿದ್ದೀರಾ?" ಎಂದು ಕೇಳಿದರು.

ತಂದಿದ್ದೆ. ಹೊರಡುವ ಮುಂಚೆ ಪುಣೆಯ ಗೆಳತಿಯೊಬ್ಬಳ ಒತ್ತಾಯಕ್ಕೆ, ಪ್ರೋಟೀನು ತಯಾರಿಸಲು ಬೇಕಾದ ಡಿಎನ್ಎಯನ್ನು ಫಿಲ್ಟರ್ ಪೇಪರಿನ ಮೇಲೆ ಹನಿಸಿ ಒಣಗಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಆ ಕಾಗದದ ಚೂರುಗಳನ್ನು ಹುಡುಕಿ ತೆಗೆದಾಗ ಅವುಗಳಿಗೆ ಅವ್ವ ಪ್ರವಾಸಕ್ಕೆಂದು ಕಟ್ಟಿಕೊಟ್ಟ ಚಟ್ನಿಪುಡಿಯ ಎಣ್ಣೆ ಸ್ವಲ್ಪ ತಾಗಿತ್ತು. ಮಾರ್ಯಾ ಮೂಸಿ ನೋಡಿದರು. "ಬೆಳ್ಳುಳ್ಳಿ," ಎಂದರು. "ಡಿಎನ್ಎಗೆ ಏನೂ ಆಗುವುದಿಲ್ಲ."

ಅವರು ಹೇಳಿದಂತೆಯೇ ಆಯಿತು. ಡಿಎನ್ಎಯನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅವನ್ನು ಬೆಳೆಸಿ, ಒಡೆದು, ಸೋಸಿ ಎರಡೂ ಪ್ರೋಟೀನನ್ನು ಮತ್ತೆ ಮೊದಲಿನಿಂದ ತಯಾರಿಸಿದೆವು. ಅತಿಥಿಗೃಹದಲ್ಲಿ ನನಗೆ ಕೊಟ್ಟಿದ್ದ ಕೊಠಡಿಯ ಅವಧಿ ಮುಗಿದಾಗ ಮಾರ್ಯಾ ತಮ್ಮ ಮನೆಯ ಮಹಡಿಯ ಕೋಣೆ ಬಿಟ್ಟುಕೊಟ್ಟರು. ಮೈಕ್ರೋಸ್ಕೋಪಿನಲ್ಲಿ ತಮಗಾಗಿ ಕಾದಿರಿಸಿದ್ದ ಹೊತ್ತನ್ನೂ ಕೊಟ್ಟರು. ನಾನು ಥ್ಯಾಂಕ್ಸ್ ಹೇಳಹೊರಟರೆ ಬೇರೆ ಏನನ್ನೋ ಹುಡುಕುವವರಂತೆ ಕಪಾಟಿನ ಬಾಗಿಲು ತೆರೆಯುತ್ತಿದ್ದರು.

ಆ ಊರಿನ ಮೌನದಲ್ಲಿ ನನಗೊಂದು ಹೊಸ ಅನುಭವವಾಯಿತು. ಬಸ್ ಸ್ಟಾಪಿನಲ್ಲಿ ಜನ ಒಬ್ಬರಿಂದೊಬ್ಬರು ಒಂದು ಎಮ್ಮೆ ದಾಟುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ಊಟದ ಮೇಜಿನಲ್ಲಿ ಮಾತು ನಿಂತರೆ ಯಾರಿಗೂ ಕಸಿವಿಸಿ ಇಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ. ಹೀಗಾಗಿ ಯಾವ ತುಟಿ ನೋಡಬೇಕು ಎಂದು ನಾನು ಕತ್ತು ತಿರುಗಿಸುತ್ತಲೇ ಇರಬೇಕಾಗಲಿಲ್ಲ. ಪುಣೆಯ ಸದಾಶಿವ ಪೇಠದ ನಮ್ಮ ಮನೆಯಲ್ಲಿ ರಿಕ್ಷಾ, ಸ್ಕೂಟರು, ಕೆಳಗಿನ ಕೋಚಿಂಗ್ ಕ್ಲಾಸಿನ ಮಕ್ಕಳ ಗದ್ದಲ ಎಲ್ಲವನ್ನೂ ಮಷೀನು ಒಟ್ಟಿಗೆ ಹಿಗ್ಗಿಸಿ ಕೊಡುತ್ತದೆ, ಸಂಜೆಗೆ ತಲೆ ಸಿಡಿಯುತ್ತದೆ. ಇಲ್ಲಿ ಸಂಜೆಯಾದರೂ ತಲೆ ಹಗುರವಾಗಿರುತ್ತಿತ್ತು. ಅವ್ವನಿಗೆ ವಿಡಿಯೋ ಕಾಲಿನಲ್ಲಿ ಹೇಳಿದೆ.

"ಮಂದಿ ಮಾತಾಡದಿದ್ರ ಹೊತ್ತ ಹೆಂಗ ಹೋಗ್ತದ ಅವರಿಗೆ?" ಎಂದಳು ಅವ್ವ. "ಪಾಪ."

ಸೌನಾ

ಮಾರ್ಯಾ ಅವರ ಮನೆಯ ಹಿತ್ತಿಲಲ್ಲಿ ಸೌನಾ ಇತ್ತು. ಮರದ ಸಣ್ಣ ಕೋಣೆ, ಒಲೆಯ ಮೇಲೆ ಕಾದ ಕಲ್ಲುಗಳು. ಕಲ್ಲಿಗೆ ನೀರು ಹಾಕಿದರೆ ಬಿಸಿ ಆವಿ ಏಳುತ್ತದೆ. ಅವರು ಮೈಮೇಲೆ ಏನೂ ಇಲ್ಲದೆ ಆರಾಮವಾಗಿ ಕೂತರು. ನಾನು ಕಾಲ್ಮುಚ್ಚುವ ಹತ್ತಿಯ ನೈಟಿಯಲ್ಲಿ ಹೋದೆ. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ದೀಪಾವಳಿ ಆಗಿ ಕೆಲವೇ ದಿನಗಳಾಗಿದ್ದವು. ಆ ಸಲ ಎಣ್ಣೆನೀರಿನ ಸ್ನಾನ ತಪ್ಪಿತಲ್ಲ ಎಂಬ ಕೊರಗು ಆ ಬಿಸಿಯಲ್ಲಿ ತೀರಿತು.

ಆವಿಗೆ ಕಿವಿಯ ಮಷೀನು ಹಾಳಾಗುತ್ತದೆಂದು ಹೊರಗೇ ತೆಗೆದಿಟ್ಟಿದ್ದೆ. ಮಾರ್ಯಾ ಕಿಟಕಿಯ ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ಎದುರಿನ ಹಲಗೆಯ ಮೇಲೆ ಕೂತಿದ್ದರು. ಆಗ ಹೊಳೆಯಿತು: ಲ್ಯಾಬಿನಲ್ಲೂ ಅವರು ಯಾವಾಗಲೂ ಹೀಗೆಯೇ ನಿಲ್ಲುತ್ತಿದ್ದರು, ಬೆಳಕಿಗೆ ಮುಖ ಮಾಡಿ. ಒಮ್ಮೆಯೂ ಅದರ ಬಗ್ಗೆ ಮಾತೆತ್ತಿರಲಿಲ್ಲ.

ಹೇಳಿಬಿಡಬೇಕು ಅನಿಸಿತು. "ಆ ಬದಲಾದ ಪ್ರೋಟೀನು ನನ್ನದು," ಎಂದೆ. ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಉಳಿದದ್ದನ್ನೂ ಹೇಳಿದೆ. ನನಗೆ ಏಳು ವರ್ಷವಾಗಿದ್ದಾಗ ನಾವು ಪುಣೆಯ ಹೊರಗೆ ತಳೇಗಾಂವ ದಾಭಾಡೆಯಲ್ಲಿದ್ದೆವು. ಅಪ್ಪನಿಗೆ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ. ನನಗೆ ವಿಪರೀತ ಜ್ವರ ಬಂತು. ಇಳಿಯಬಹುದು ಎಂದು ಅವ್ವ ಎರಡು ದಿನ ಮನೆಯಲ್ಲೇ ಕಷಾಯ ಕೊಟ್ಟಳು, ಆಮೇಲೆ ಪುಣೆಯ ಆಸ್ಪತ್ರೆಗೆ ಸೇರಿಸಿದರು. ಜ್ವರ ಬಿಟ್ಟ ನಂತರದ ವರ್ಷಗಳಲ್ಲಿ ಕಿವಿ ಮಂದವಾಗುತ್ತ ಹೋಯಿತು. ಆ ಎರಡು ದಿನ ಕಾದದ್ದರಿಂದಲೇ ಮಗಳ ಕಿವಿ ಹೋಯಿತು ಎಂದು ಅವ್ವ ಇವತ್ತಿಗೂ ನಂಬಿದ್ದಾಳೆ. ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಅದೂ ನನಗೊಬ್ಬಳಿಗೆ, ನನ್ನ ಮದುವೆಯ ಮಾತು ಮುರಿದುಬಿದ್ದ ದಿನ. ಆದರೆ ಬೀದಿಯಲ್ಲಿ ಹಿಂದಿನಿಂದ ಹಾರ್ನು ಬಾರಿಸಿದರೂ ನಾನು ಸರಿಯದಿದ್ದಾಗಲೆಲ್ಲ ಅವಳ ಮುಖದಲ್ಲಿ ಅದು ಕಾಣುತ್ತದೆ.

ಮಾರ್ಯಾ ಕಲ್ಲಿಗೆ ನೀರು ಹಾಕಲಿಲ್ಲ. ನೀರಿನ ಸೌಟನ್ನು ಕೆಳಗಿಟ್ಟು, ತುಟಿಗಳನ್ನು ನಿಧಾನವಾಗಿ ಆಡಿಸಿ ಹೇಳಿದರು: "ಹಾಗಾದರೆ ಯಾವ ಟ್ಯೂಬಿನಲ್ಲಿ ಯಾವುದಿದೆ ಎಂಬುದು ನಿಮಗೆ ಗೊತ್ತಿರಬಾರದು, ಗೊತ್ತಿದ್ದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ. ನಾಳೆಯಿಂದ ಗುರುತು ನಾನು ಹಾಕುತ್ತೇನೆ."

ನಾನು ಮುಚ್ಚಿಟ್ಟದ್ದಕ್ಕೆ ಅವರು ಕೋಪಿಸಿಕೊಳ್ಳಬಹುದು, ಇಲ್ಲವೆ ಕನಿಕರ ತೋರಿಸಬಹುದು ಎಂದುಕೊಂಡಿದ್ದೆ. ಅವರು ಎರಡನ್ನೂ ಮಾಡದೆ ನನ್ನ ಪ್ರಶ್ನೆಯನ್ನು ನನಗಿಂತ ಗಂಭೀರವಾಗಿ ತೆಗೆದುಕೊಂಡರು.

ಕತ್ತಲ ಕೋಣೆ

ಮೈಕ್ರೋಸ್ಕೋಪಿನ ಕೋಣೆಯಲ್ಲಿ ಬೆಳಕು ಇರುವಂತಿಲ್ಲ. ಕತ್ತಲಲ್ಲಿ ತುಟಿ ಕಾಣುವುದಿಲ್ಲ. ಯಂತ್ರದ ಫ್ಯಾನಿನ ಸದ್ದಿನಲ್ಲಿ ಮಷೀನಿಗೂ ಮಾತು ಸಿಗುವುದಿಲ್ಲ. ಮೊದಲ ದಿನ ಮಾರ್ಯಾ ಹೇಳಿದ್ದು ತಿಳಿಯದೆ ತಪ್ಪು ಗುಂಡಿ ತಿರುಗಿಸಿ ಒಂದು ಗಾಜಿನ ಪಟ್ಟಿಯನ್ನು ಒಡೆದೆ.

ಮರುದಿನ ಹೋದಾಗ ಪರದೆಯ ಪಕ್ಕದ ಹಲಗೆಗೆ ಒಂದು ಸಣ್ಣ ಕೆಂಪು ದೀಪ ಅಂಟಿಸಿತ್ತು. ಅದು ಮಾರ್ಯಾ ಅವರ ಸೈಕಲ್ಲಿನ ಹಿಂದಿನ ದೀಪ. ಅವರ ಗಲ್ಲದ ಕೆಳಗಿನಿಂದ ಬೆಳಕು ಬಿದ್ದು ಬಾಯಿ ಮಾತ್ರ ಕೆಂಪಗೆ ಕಾಣುತ್ತಿತ್ತು. ಮಾತಾಡುವಾಗ ಹಚ್ಚುತ್ತಿದ್ದರು, ಚಿತ್ರ ತೆಗೆಯುವಾಗ ಆರಿಸುತ್ತಿದ್ದರು. ಸಂಜೆ ಬೇಗ ಕತ್ತಲಾಗುವ ಊರು, ಹಿಂದೆ ದೀಪವಿಲ್ಲದೆ ಸೈಕಲ್ ಹೊಡೆಯುವ ಹಾಗಿಲ್ಲ. ಆ ದಿನಗಳಲ್ಲೆಲ್ಲ ಅವರು ಸೈಕಲ್ಲನ್ನು ತಳ್ಳಿಕೊಂಡು ನನ್ನ ಜೊತೆ ಮನೆಗೆ ನಡೆದರು.

ಟ್ಯೂಬುಗಳ ಮೇಲೆ ಮಕ್ಕಳ ಸ್ಟಿಕರುಗಳಿದ್ದವು, ಒಂದರ ಮೇಲೆ ಮೀನು, ಇನ್ನೊಂದರ ಮೇಲೆ ದೋಣಿ. ಯಾವುದು ಯಾವುದೆಂದು ಅವರಿಗಷ್ಟೇ ಗೊತ್ತು. ಮೊದಲು ಹೊಳೆಯುವ ಬಣ್ಣ ಸೇರಿಸಿದ ಆಕ್ಟಿನನ್ನು ಗಾಜಿನ ಮೇಲೆ ಬಿಟ್ಟೆವು. ಪರದೆಯ ಮೇಲೆ ಚುಕ್ಕೆಗಳು ಕಂಡವು, ಚುಕ್ಕೆಗಳು ಗೆರೆಗಳಾದವು, ಗೆರೆಗಳು ನಮ್ಮ ಕಣ್ಣೆದುರಿಗೇ ಉದ್ದವಾಗುತ್ತ ಅತ್ತಿತ್ತ ತೂಗಾಡಿದವು. ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದೆ, ಆದರೂ ಪರದೆಗೆ ಇನ್ನಷ್ಟು ಹತ್ತಿರ ಬಾಗಿದೆ.

ಮೀನಿನ ಟ್ಯೂಬಿನಿಂದ ಹನಿ ಹಾಕಿದೆವು. ಎರಡು ಗೆರೆಗಳು ಒಂದನ್ನೊಂದು ಮುಟ್ಟಿದವು, ಮುಟ್ಟಿದ ಕಡೆಯಿಂದ ತುದಿಯವರೆಗೆ ಪಕ್ಕಪಕ್ಕ ಅಂಟಿಕೊಂಡವು. ಮೂರನೆಯದು ಬಂದು ಸೇರಿತು, ನಾಲ್ಕನೆಯದು ಸೇರಿತು. ಸ್ವಲ್ಪ ಹೊತ್ತಿಗೆ ಪರದೆಯ ತುಂಬ ದಪ್ಪನೆಯ, ನೆಟ್ಟಗಿನ, ಪ್ರಖರವಾದ ಕಟ್ಟುಗಳು.

ಗಾಜು ಬದಲಿಸಿ ದೋಣಿಯ ಟ್ಯೂಬಿನಿಂದ ಹಾಕಿದೆವು. ಗೆರೆಗಳು ಹತ್ತಿರ ಬಂದವು, ಮುಟ್ಟಿದವು, ಬಿಟ್ಟು ಹೋದವು. ಮತ್ತೆ ಬಂದವು, ಮತ್ತೆ ಹೋದವು. ಪ್ರೋಟೀನಿನ ಪ್ರಮಾಣ ಹೆಚ್ಚಿಸಿದಾಗ ಅಲ್ಲೊಂದು ಇಲ್ಲೊಂದು ಜೋಡಿ ನಿಂತಿತು, ಅದೂ ಬಾಗಿ ಬಿಚ್ಚಿಕೊಂಡಿತು.

ಮಾರ್ಯಾ ಸ್ಟಿಕರು ಬದಲಿಸಿದರು. ಕರಡಿ, ಬಟ್ಟಲು. ಹೂವು, ಟೊಪ್ಪಿಗೆ. ಹೊಸದಾಗಿ ತಯಾರಿಸಿದ ಪ್ರೋಟೀನಿನಿಂದ ಮತ್ತೆ ಮತ್ತೆ ನೋಡಿದೆವು. ಪ್ರತಿ ಸಲವೂ ಒಂದು ಟ್ಯೂಬು ಕಟ್ಟಿತು, ಒಂದು ಕಟ್ಟಲಿಲ್ಲ. ಕಡೆಗೆ ಅವರು ಕೆಂಪು ದೀಪ ಹಚ್ಚಿದರು.

"ದೋಣಿ, ಬಟ್ಟಲು, ಟೊಪ್ಪಿಗೆ," ಎಂದರು. "ಅವು ನಿಮ್ಮವು."

ಕಟ್ಟದೆ ಹೋದ ಮೂರೂ ಅವೇ. ನನಗೆ ದುಃಖವಾಗಲಿಲ್ಲ. ಎಷ್ಟೋ ವರ್ಷಗಳಿಂದ ಯಾರೂ ಖಚಿತವಾಗಿ ಹೇಳಲಾಗದ ಒಂದು ಸಂಗತಿ ಪರದೆಯ ಮೇಲೆ ಸುಮ್ಮನೆ ತೂಗಾಡುತ್ತಿತ್ತು. ಗಾಜಿನ ಪಟ್ಟಿ ಕಿವಿಯಲ್ಲ, ಇದೊಂದರಿಂದ ಎಲ್ಲವೂ ಸಾಬೀತಾಗುವುದಿಲ್ಲ ಎಂದು ಮಾರ್ಯಾ ಎಚ್ಚರಿಸಿದರು. ಒಬ್ಬ ವಿಜ್ಞಾನಿಯಾಗಿ ಅವರು ಹೇಳಲೇಬೇಕಾದ ಮಾತು ಅದು. ಆಮೇಲೆ ದೀಪ ಆರಿಸಲು ಕೈ ಚಾಚಿದವರು, ಆರಿಸದೆ, "ರಕ್ತ ಪರೀಕ್ಷೆಯ ಜೊತೆ ಇದನ್ನೂ ಇಟ್ಟು ನೋಡಿದರೆ, ನನಗೆ ಸಂಶಯ ಉಳಿದಿಲ್ಲ," ಎಂದರು.

ಆ ಊರಿನ ನಡುವೆ ಹರಿಯುವ ಹೊಳೆ ದಾಟಲು ಒಂದು ಪುಟ್ಟ ದೋಣಿಯಿದೆ. ಯಾರು ಬೇಕಾದರೂ ಹತ್ತಬಹುದು, ಟಿಕೀಟಿಲ್ಲ. ಹತ್ತಿ ನಿಲ್ಲುವಷ್ಟರಲ್ಲಿ ಆಚೆ ದಡ ಬಂದಿರುತ್ತದೆ. ಅಂದು ಮಧ್ಯಾಹ್ನ ಮಾರ್ಯಾ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಆಚೆ ದಡಕ್ಕೆ ಹೋದೆವು, ಇಳಿಯದೆ ಈಚೆಗೆ ಬಂದೆವು, ಮತ್ತೆ ಆಚೆಗೆ. ದೋಣಿ ನಡೆಸುವವನು ಏನೂ ಕೇಳಲಿಲ್ಲ. ಹಿಮ ಬೀಳತೊಡಗಿತ್ತು. ನಾನು ಮಾರ್ಯಾ ಅವರ ತೋಳು ಹಿಡಿದುಕೊಂಡೆ. ಅಲ್ಲಿಯ ಜನ ಹಾಗೆಲ್ಲ ಮುಟ್ಟುವುದಿಲ್ಲ ಎಂದು ಗೊತ್ತಿತ್ತು. ಅವರು ತೋಳು ಬಿಡಿಸಿಕೊಳ್ಳಲಿಲ್ಲ.

ಪುಣೆ

ಅವ್ವನಿಗೆ ಫೋನಿನಲ್ಲಿ ಹೇಳಲಿಲ್ಲ. ಪರದೆ ನಡುನಡುವೆ ನಿಂತುಬಿಟ್ಟರೆ ಅರ್ಧ ಮಾತು ತಪ್ಪುತ್ತದೆ, ಈ ಮಾತು ಅರ್ಧಕ್ಕೆ ನಿಲ್ಲಬಾರದು. ಮುಂಬಯಿಯಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಬರುವಾಗ ತಳೇಗಾಂವದ ಕಾರ್ಖಾನೆಗಳ ಹೊಗೆಕೊಳವೆಗಳು ಕಂಡವು. ನಾವಿದ್ದ ಕ್ವಾರ್ಟರ್ಸ್ ಇದ್ದ ಕಡೆ ಈಗ ಎತ್ತರದ ಕಟ್ಟಡಗಳು ಎದ್ದಿವೆ.

ಮನೆ ಮುಟ್ಟಿದಾಗ ಅವ್ವ ನೆಲದ ಮೇಲೆ ಪೇಪರು ಹಾಸಿ ಮೆಂತ್ಯಸೊಪ್ಪು ಸೋಸುತ್ತಿದ್ದಳು. ಅಪ್ಪ ನನ್ನ ಸೂಟ್‌ಕೇಸನ್ನು ಒಳಗಿಟ್ಟು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು.

"ಭಾಳ ಸೊರಗಿ ಬಂದೀ," ಎಂದಳು ಅವ್ವ. "ಮೊದಲ ಉಣ್ಣು, ಆಮ್ಯಾಲೆ ಮಾತು."

"ಮೊದಲ ಹೇಳ್ತೀನಿ ಅವ್ವ." ಅವಳೆದುರು ನೆಲದ ಮೇಲೆ ಕೂತು, ಇನ್ನೂ ಬಿಚ್ಚದ ಒಂದು ಸೊಪ್ಪಿನ ಕಟ್ಟು ಕೈಗೆ ತೆಗೆದುಕೊಂಡೆ. "ಕಿವ್ಯಾಗ ಇಂಥಾ ಕಟ್ಟು ಇರ್ತಾವ, ಭಾಳ ಸಣ್ಣವು. ಅವನ್ನ ಕಟ್ಟೂ ದಾರ ನನಗ ಹುಟ್ಟಿದಾಗಿಂದನ ಸಡಲ ಅದ. ಅದಕ್ಕ ಕಿವಿ ಬರಬರ್ತ ಮಂದ ಆತು. ಅದನ್ನ ಕಣ್ಣಾರೆ ನೋಡಿ ಬಂದೀನಿ. ಜ್ವರ ಬರಲಿ, ಬಿಡಲಿ, ಆಗೂದ ಇತ್ತು."

ಅವ್ವನ ಕೈ ನಿಂತಿತು. "ಆ ಎರಡ ದಿನ..."

"ಆ ಎರಡ ದಿನದಿಂದ ಏನೂ ಆಗಿಲ್ಲ."

ಅವಳು ತಲೆ ತಗ್ಗಿಸಿ ಸೊಪ್ಪಿನ ಎಲೆಗಳನ್ನೇ ನೋಡುತ್ತಿದ್ದಳು. ಮುಖ ಕಾಣದೆ, ಏನಾದರೂ ಹೇಳುತ್ತಿದ್ದಾಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೊನೆಗೆ ಕತ್ತೆತ್ತಿ, "ಹಂಗಾರ ಆ ಸಡಲ ದಾರ ಬಂದದ್ದರ ಎಲ್ಲಿಂದ?" ಎಂದು ಕೇಳಿದಳು.

ಈ ಪ್ರಶ್ನೆಗೆ ನಾನು ಹೆದರಿದ್ದೆ. "ನಿಮ್ಮಿಬ್ಬರಿಂದನೂ. ನಿನ್ನ ಕಡೆ ಒಂದು ಚಲೋದು, ಒಂದು ಸಡಲ. ಅಪ್ಪನ ಕಡೆನೂ ಹಂಗ. ಚಲೋದು ಒಂದಿದ್ರ ಸಾಕು, ಕಿವಿ ಕೇಳ್ತದ. ಅದಕ್ಕ ನಿಮಗ ಗೊತ್ತ ಆಗಲಿಲ್ಲ. ನನಗ ಎರಡೂ ಸಡಲನ ಬಂದಾವ. ಯಾರೂ ಬೇಕಂತ ಕೊಟ್ಟದ್ದಲ್ಲ."

"ಅಂದ್ರ ನಂದ ಅಷ್ಟ ಅಲ್ಲ," ಎಂದಳು ಅವ್ವ.

ಆಗ ಅಪ್ಪ ಮಾತಾಡಿದರು. ನಾನು ಅವರ ಕಡೆ ತಿರುಗುವಷ್ಟರಲ್ಲಿ ಮೊದಲಿನ ಮಾತು ತಪ್ಪಿತು. ಅವರು ನನಗಾಗಿ ಮತ್ತೆ ಹೇಳಿದರು. "ನಿನಗ ಜ್ವರ ಬಂದ ದಿನನ ನಿಮ್ಮವ್ವ ಬಾಜೂ ಮನಿಯವರ ಕೂಡ ಕಾರ್ಖಾನಿ ಗೇಟಿಗೆ ಸುದ್ದಿ ಕಳಿಸಿದ್ಲು. ಸುದ್ದಿ ಮುಟ್ಟಿತ್ತು ನನಗ. ಮುಟ್ಟಲಿಲ್ಲ ಅಂತ ಸುಳ್ಳ ಹೇಳಿದೆ. ಡಬಲ್ ಶಿಫ್ಟ್ ಇತ್ತು. ಮುಗಿಸಿಕೊಂಡ ಹೋದ್ರ ಆತು ಅಂದುಕೊಂಡೆ."

ಅವ್ವ ಅವರನ್ನೇ ನೋಡಿದಳು. "ಇಷ್ಟ ವರ್ಷ ಯಾಕ ಹೇಳಲಿಲ್ಲರೀ?"

"ಏನಂತ ಹೇಳ್ಲಿ? ನನ್ನಿಂದನ ಕಿವಿ ಹೋತು ಅನಸ್ತಿತ್ತು."

"ನನ್ನಿಂದನ ಅಂತ ನನಗೂ ಅನಸ್ತಿತ್ತು."

ಒಂದೇ ಮನೆಯಲ್ಲಿ, ಒಂದೇ ತಪ್ಪನ್ನು ಇಬ್ಬರೂ ಬೇರೆ ಬೇರೆಯಾಗಿ ಹೊತ್ತುಕೊಂಡಿದ್ದರು. ನನ್ನ ಕಿವಿಗೆ ಬೀಳದ ಮಾತುಗಳು ಬಹಳ ಇವೆ, ಆದರೆ ಈ ಮಾತು ಅವರಿಬ್ಬರ ಕಿವಿಗೂ ಅಂದಿನವರೆಗೆ ಬಿದ್ದಿರಲಿಲ್ಲ. ಅವ್ವ ಅಳುತ್ತಾಳೆ ಎಂದುಕೊಂಡೆ, ಅಪ್ಪನ ಮೇಲೆ ಸಿಟ್ಟಾಗುತ್ತಾಳೆ ಎಂದೂ ಅಂದುಕೊಂಡೆ. ಅವಳು ಸೋಸಿದ ಸೊಪ್ಪನ್ನು ಬುಟ್ಟಿಗೆ ತುಂಬಿ, ಪೇಪರು ಮಡಚಿ ಎದ್ದಳು. ಅಪ್ಪನ ಕುರ್ಚಿಯ ಹತ್ತಿರ ಹೋಗಿ ನಿಂತು, "ಏಳ್ರಿ, ಊಟಕ್ಕ," ಎಂದಳು. ಅಪ್ಪ ಏಳದೆ ಕೂತೇ ಇದ್ದಾಗ ಅವರ ಭುಜದ ಮೇಲೆ ಕೈ ಇಟ್ಟಳು. ನನ್ನೆದುರು ಅವಳು ಹಾಗೆ ಮಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಊಟವಾದ ಮೇಲೆ ಅವ್ವ ಕೇಳಿದಳು: "ಆ ಮಾರ್ಯಾ ಬಾಯಿಗೆ ಏನರ ಕಳಸಬೇಕಲ್ಲ. ಸಿಹಿ ತಿಂತಾರೇನು?"

"ತಿಂತಾರ."

"ಶೇಂಗಾ ಹೋಳಿಗೆ ಮಾಡ್ತೀನಿ. ಹಾಳಾಗೂದಿಲ್ಲ. ಬೆಲ್ಲ ತರಬೇಕು."

"ಈಗ ಅಂಗಡಿ ಮುಚ್ಚಿರ್ತದ," ಎಂದರು ಅಪ್ಪ. ನಮ್ಮ ಪೇಠದಲ್ಲಿ ಮಧ್ಯಾಹ್ನದ ನಿದ್ದೆ ಮುಗಿಯುವವರೆಗೆ ಅಂಗಡಿಯವರು ದೇವರಿಗೂ ಬಾಗಿಲು ತೆಗೆಯುವುದಿಲ್ಲ.

ನಾಲ್ಕರ ನಂತರ ಇಬ್ಬರೂ ಕೂಡಿಯೇ ಹೊರಟರು. ನಾನು ಗ್ಯಾಲರಿಯಲ್ಲಿ ನಿಂತು ನೋಡಿದೆ. ಕೋಚಿಂಗ್ ಕ್ಲಾಸು ಬಿಟ್ಟಿತ್ತು, ಬೀದಿ ತುಂಬ ಸ್ಕೂಟರುಗಳು. ಅಪ್ಪ ನಡೆಯುತ್ತ ಏನೋ ಉದ್ದಕ್ಕೆ ಹೇಳುತ್ತಿದ್ದರು, ಕೈ ಆಡಿಸುತ್ತಿದ್ದರು. ಅಷ್ಟು ದೂರದಿಂದ ತುಟಿ ಓದಲಾಗುವುದಿಲ್ಲ. ದಿನಸಿ ಅಂಗಡಿಯ ಬಾಗಿಲು ತೆರೆದಿತ್ತು. ಅದರ ಮುಂದೆಯೇ ಹಾದು, ಒಳಗೆ ಹೋಗುವುದನ್ನು ಮರೆತು, ಅವರಿಬ್ಬರೂ ಮಾತಾಡುತ್ತ ಮುಂದಿನ ತಿರುವಿನವರೆಗೆ ನಡೆದುಬಿಟ್ಟರು.